ಸಣ್ಣ ಹಿಡುವಳಿಯ ರೈತರ ಸಂಘಗಳನ್ನು ಬಲಪಡಿಸುವ ಕ್ರಮ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಮತ್ತು ಅದರ ಸುತ್ತಮುತ್ತಣ ಹಳ್ಳಿಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೂ ಕೊಳವೆಬಾವಿಗಳನ್ನೂ ನಂಬಿದುದಾಗಿದೆ. ಉತ್ತರ ಪಿನಾಕಿನಿ ನದಿಯು ಈ ತಾಲ್ಲೂಕಿನಲ್ಲಿ ಹಾದುಹೋಗುವುದಾದರೂ ವರ್ಷದ ಬಹುಭಾಗ ಅದರಲ್ಲಿ ಕಾಣುವುದು ಮರಳೇ. ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ, ಕಡಲೆಕಾಯಿ, ತೊಗರಿ. ನೀರಿನ ಅನುಕೂಲವುಳ್ಳವರಲ್ಲಿ ಹಿಪ್ಪುನೇರಳೆ, ದ್ರಾಕ್ಷಿ, ಹೂವು ಮತ್ತು ತರಕಾರಿ. ಅನೇಕ ಮನೆಗಳ ಕೊಟ್ಟಿಗೆಯಲ್ಲಿ ಒಂದೆರಡು ಸೀಮೆಹಸುಗಳು. ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶವು ಏರ್ಪಟ್ಟ ಮೇಲೆ ಮನೆಯ ಹುಡುಗರು ಕಾರ್ಖಾನೆಯ ಕೆಲಸಕ್ಕೆ ಹೋಗುವುದೂ ಉಂಟು. ಅಂತಹ ಮನೆಗಳಲ್ಲಿ ಹೊಲವನ್ನು ನೋಡಿಕೊಳ್ಳತಕ್ಕವರು ವಯಸ್ಸಾದ ತಂದೆತಾಯಿಗಳು. ಅವರಲ್ಲಿಯೂ ಹೆಚ್ಚಾಗಿ ತಾಯಂದಿರು.

ಇಂತಹ ಮನೆಯೊಂದು ತನ್ನ ಎರಡು ಎಕರೆಯ ಫಸಲನ್ನು ಮಾರಲು ಹೊರಟಾಗ ಅದಕ್ಕೆ ಬೆಂಬಲವಾಗಿ ನಿಲ್ಲತಕ್ಕವರು ಯಾರು? ರೈತರ ಸಂಘವು ನಿಲ್ಲಬೇಕೆಂದು ಎಲ್ಲರೂ ಹೇಳುವರು. ಆದರೆ ಹುಟ್ಟಿದ ಸಂಘಗಳೆಲ್ಲ ಬದುಕುವುದಿಲ್ಲ. ಯಾವುದು ಬದುಕುತ್ತದೆ, ಯಾವುದು ಬೀಗ ಬೀಳುತ್ತದೆ, ಅದಕ್ಕೆ ಕಾರಣವೇನು, ಎಂಬುದನ್ನು ರೈತ ಮಹಾಶಯರಿಗೆ ವಿಶದಪಡಿಸುವುದೇ ಈ ಕರಪತ್ರದ ಉದ್ದೇಶ.

೧. ಒಂಟಿಯಾಗಿ ಮಾರುವುದರಿಂದಾಗುವ ನಷ್ಟ

೨೦೧೫-೧೬ನೆಯ ಸಾಲಿನ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಹಿಡುವಳಿಗಳಲ್ಲಿ ನೂರಕ್ಕೆ ೮೬ರಷ್ಟು ಎರಡು ಹೆಕ್ಟೇರಿಗಿಂತ ಕಡಿಮೆಯವು. ಸರಾಸರಿ ಹಿಡುವಳಿಯು ೧.೦೮ ಹೆಕ್ಟೇರ್, ಎಂದರೆ ಸುಮಾರು ೨ ಎಕರೆ ೨೭ ಗುಂಟೆ. ಆದಕಾರಣ ಸಣ್ಣ ರೈತನ ವಿಚಾರವೆಂದರೆ ದೇಶದ ಬಹುಪಾಲು ರೈತರ ವಿಚಾರವೆಂದೇ ತಿಳಿಯಬೇಕು.

ಲೆಕ್ಕಕ್ಕೆ ಸುಲಭವಾಗುವಂತೆ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಎಕರೆಯಲ್ಲಿ ೩೦ ಕ್ವಿಂಟಾಲ್ ಮುಸುಕಿನ ಜೋಳವಾಯಿತೆಂದೂ, ಕ್ವಿಂಟಾಲಿಗೆ ೨,೦೦೦ ರೂಪಾಯಿ ಧಾರಣೆಯೆಂದೂ ಇಟ್ಟುಕೊಳ್ಳೋಣ. ಫಸಲಿನ ಬೆಲೆ ೬೦,೦೦೦ ರೂಪಾಯಿ. ಕೊಳ್ಳುವವನು ಕಣದಲ್ಲಿಯೇ ತೂಗಿ ಕ್ವಿಂಟಾಲಿಗೆ ೨ ಕಿಲೋ ಸೂಟು ಕಳೆದರೆ ೧,೨೦೦ ರೂಪಾಯಿ ಹೋಯಿತು. ಕಾಳನ್ನು ಹಲ್ಲಿನಿಂದ ಕಡಿದು ನೋಡಿ “ಇನ್ನೂ ಹಸಿಯಿದೆ” ಎಂದು ಕ್ವಿಂಟಾಲಿಗೆ ೫೦ ರೂಪಾಯಿ ಮುರಿದರೆ ೧,೫೦೦. ಒಬ್ಬನೇ ಅರ್ಧ ತುಂಬಿದ ಗಾಡಿಯನ್ನು ಬಾಡಿಗೆಗೆ ಹಿಡಿದುದರಿಂದ ಸಾಗಾಣೆಯಲ್ಲಿ ಕ್ವಿಂಟಾಲಿಗೆ ೩೦ ರೂಪಾಯಿ ಹೆಚ್ಚಾದರೆ ೯೦೦. ಬಿತ್ತನೆಯ ಕಾಲದಲ್ಲಿ ಬೀಜಗೊಬ್ಬರವನ್ನು ೧೨,೦೦೦ ರೂಪಾಯಿಗೆ ಸಾಲವಾಗಿ ತಂದು, ನೂರಕ್ಕೆ ತಿಂಗಳಿಗೆ ೨ ರೂಪಾಯಿಯಂತೆ ಐದು ತಿಂಗಳ ಬಡ್ಡಿ ಕೊಟ್ಟರೆ ೧,೨೦೦. ಒಟ್ಟು ೪,೮೦೦ ರೂಪಾಯಿ. ಎಂದರೆ ಫಸಲಿನ ಬೆಲೆಯಲ್ಲಿ ನೂರಕ್ಕೆ ಎಂಟು ಪಾಲು.

ಇದರಲ್ಲಿ ಯಾವ ಒಂದು ಬಾಬೂ ದೊಡ್ಡ ಮೋಸವೆಂದು ತೋರುವುದಿಲ್ಲ. ಪ್ರತಿಯೊಂದೂ “ಹೋಗಲಿ ಬಿಡು” ಎನ್ನುವಷ್ಟು ಸಣ್ಣದು. ಆದರೆ ಮುನ್ನೂರು ಮನೆಗಳ ಇಂತಹ ನಷ್ಟವನ್ನು ಕೂಡಿಸಿ ನೋಡಿದರೆ ಒಂದು ಹಂಗಾಮಿಗೆ ೧೪,೪೦,೦೦೦ ರೂಪಾಯಿ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಗಳಿಕೆಗೆ ಮಾತ್ರ ಹೇಳುವುದು ವಾಡಿಕೆ. ನಷ್ಟಕ್ಕೂ ಅದು ಅಷ್ಟೇ ಸಲ್ಲುತ್ತದೆ.

೨. ಸಂಘಗಳ ಪೂರ್ವವೃತ್ತಾಂತ

ಕೂಡಿ ನಡೆಸುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಕೆರೆಯ ಹೂಳೆತ್ತುವುದು, ಕಾಲುವೆಯನ್ನು ಸವರುವುದು ಊರೊಟ್ಟಿನ ಕೆಲಸಗಳಾಗಿದ್ದುವು. ನೀರಗಂಟಿಯು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದನ್ನು ಅಚ್ಚುಕಟ್ಟಿನವರೆಲ್ಲರೂ ಕಣ್ಣಾರೆ ಕಾಣುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಿತೆಂಬುದು ಗುಟ್ಟಿನ ವಿಷಯವಾಗಿರಲಿಲ್ಲ. ಆದುದರಿಂದಲೇ ಆ ಏರ್ಪಾಡು ಬಹುಕಾಲ ನಿಂತಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಪ್ರಯೋಜನಕ್ಕೆ ಬರುವುದು.

ಕಾನೂನಿಗೆ ಒಳಪಟ್ಟ ಸಹಕಾರ ಸಂಘಗಳು ಹಿಂದೂದೇಶದಲ್ಲಿ ೧೯೦೪ರ ಶಾಸನದಿಂದ ಆರಂಭವಾದುವು. ಮರುವರ್ಷವೇ, ೧೯೦೫ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ಸ್ಥಾಪಿತವಾಯಿತು. ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವೆಂಬ ಕೀರ್ತಿ ಆ ಸಣ್ಣ ಹಳ್ಳಿಗೆ ಸಂದಿದೆ. ಮೈಸೂರು ಸಂಸ್ಥಾನದಲ್ಲಿಯೂ ಅದೇ ೧೯೦೫ರಲ್ಲಿ ಸಹಕಾರ ಸಂಘಗಳ ನಿಬಂಧನೆಯು ಜಾರಿಗೆ ಬಂದಿತು.

ಮುಂದೆ ೧೯೪೬ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು, ತಮ್ಮ ಹಾಲಿಗೆ ಬೆಲೆಯನ್ನು ಬೇರೆಯವರೇ ಗೊತ್ತುಮಾಡುವುದನ್ನು ಒಪ್ಪದೆ, ಹದಿನೈದು ದಿವಸ ಹಾಲು ಕೊಡುವುದನ್ನು ನಿಲ್ಲಿಸಿ, ಶ್ರೀ ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ಆಣಂದದಲ್ಲಿ ತಮ್ಮದೇ ಸಂಘವನ್ನು ಕಟ್ಟಿದರು. ಅದೇ ಮಾದರಿಯಲ್ಲಿ ನಮ್ಮ ರಾಜ್ಯದಲ್ಲಿ ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿಯ ಕೆಲಸ ಆರಂಭವಾಗಿ, ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯು ಏರ್ಪಟ್ಟಿತು. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ, ಎಂಬ ಈ ಮೂರಂತಸ್ತಿನ ಏರ್ಪಾಡು ಇಂದು ಕೋಲಾರ ಮತ್ತು ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಗಳಲ್ಲಿ ಬೇರೂರಿದೆ.

೩. ಈ ಲೇಖಕನಿಗಾದ ಒಂದು ಅನುಭವ

ಹಾಲಿನ ಸಂಘವು ಬೇರೂರಿದ ಊರಿನಲ್ಲಿಯೇ ಕಾಳಿನ ಸಂಘವು ಏಕೆ ಒಣಗಿತು? ಈ ಪ್ರಶ್ನೆಗೆ ಉತ್ತರವನ್ನು ಈ ಲೇಖಕನು ತನ್ನ ತಪ್ಪಿನಿಂದಲೇ ಕಲಿಯಬೇಕಾಯಿತು. ಅದನ್ನು ಮರೆಮಾಡುವುದರಿಂದ ಯಾರಿಗೂ ಉಪಯೋಗವಿಲ್ಲ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಊರಿನಲ್ಲಿ ಮುಸುಕಿನ ಜೋಳದ ಬೆಳೆಗಾರರ ಸಂಘವನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತು. ಗೊತ್ತಾದ ದಿನದೊಳಗೆ ಗೊತ್ತಾದಷ್ಟು ಸದಸ್ಯರು ಆಗಬೇಕಾಗಿದ್ದಿತು. ಮೂರು ವಾರಗಳಲ್ಲಿ ಮುನ್ನೂರು ಹೆಸರುಗಳನ್ನು ಬರೆಸಿಬಿಟ್ಟೆನು. ಎಷ್ಟೋ ಮಂದಿಯ ಷೇರು ಹಣವನ್ನು ಊರಿನ ಒಬ್ಬ ಅನುಕೂಲಸ್ಥರೇ ತುಂಬಿದರು. ನಾನು ಅದನ್ನು ಉದಾರತೆಯೆಂದು ಭಾವಿಸಿ ಸಂತೋಷಪಟ್ಟೆನು. ಆರಂಭೋತ್ಸವವಾಯಿತು, ಹಾರ, ಭಾಷಣ, ಫೋಟೋ ಎಲ್ಲವೂ ಆದುವು. ಫಸಲು ಬಂದಾಗ ಸಂಘಕ್ಕೆ ಜೋಳವನ್ನು ತಂದವರು ಹತ್ತೊಂಬತ್ತು ಮಂದಿ. ಉಳಿದವರ ಜೋಳವು ಎಂದಿನಂತೆ ಕಣದಿಂದಲೇ ಹೊರಟುಹೋಯಿತು.

ಸಂಘದಿಂದ ದೂರವಾಗಿ ಉಳಿದ ಒಬ್ಬ ವೃದ್ಧೆಯ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತು ಕಾರಣವನ್ನು ಕೇಳಿದೆನು. ಆಕೆಯು ದಿನಕ್ಕೆ ಎರಡು ಹೊತ್ತು ಹಾಲಿನ ಡೈರಿಗೆ ತಪ್ಪದೆ ಹೋಗತಕ್ಕವಳು. ಆಕೆಯು ಹೇಳಿದುದು ಇಷ್ಟೇ: “ಡೈರೀಲಿ ಹಾಲು ಹುಯ್ದ್ರೆ ಚೀಟಿ ಕೊಡ್ತಾರೆ ಸ್ವಾಮಿ. ಎಷ್ಟು ಹಾಲು, ಎಷ್ಟು ಜಿಡ್ಡು, ಎಷ್ಟು ದುಡ್ಡು, ಎಲ್ಲ ಅದ್ರಾಗೇ ಇರ್ತದೆ. ನಂಗೆ ಓದಕ್ಕೆ ಬರಲ್ಲ. ಮೊಮ್ಮಗಳು ಓದಿ ಹೇಳ್ತಾಳೆ. ನಿಮ್ ಸಂಘದಾಗೆ ಏನ್ ಕೊಡ್ತೀರಾ?”

ನಮ್ಮಲ್ಲಿ ಕೊಡಲು ಏನೂ ಇರಲಿಲ್ಲ. ತಕ್ಕಡಿಯು ಬಾಡಿಗೆಯದು, ತೇವವನ್ನು ನೋಡುವ ಸಾಧನವಿಲ್ಲ, ಹಣವು ಎಂದು ಬರುವುದೆಂಬುದು ಕಾರ್ಯದರ್ಶಿಗೂ ತಿಳಿಯದು. ಮೂರು ವರ್ಷಗಳ ಮೇಲೆ ಸಹಾಯಧನವು ನಿಂತಿತು, ಕಾರ್ಯದರ್ಶಿಯು ಬೇರೆ ಕೆಲಸಕ್ಕೆ ಹೋದನು, ಬಾಗಿಲಿಗೆ ಬೀಗ ಬಿದ್ದಿತು. ತಪ್ಪು ರೈತರದಲ್ಲ. ಹೆಸರುಗಳನ್ನು ಕೂಡಿಸಿದುದನ್ನೇ ಜನರನ್ನು ಕೂಡಿಸಿದಂತೆ ತಿಳಿದುದು ನನ್ನ ತಪ್ಪು.

೪. ಹಾಲಿನ ಸಂಘದಿಂದ ಕಲಿಯತಕ್ಕ ಪಾಠ

ಆ ವೃದ್ಧೆಯ ಮಾತಿನಲ್ಲಿ ಸಂಘದ ಬಲದ ಮರ್ಮವೆಲ್ಲ ಅಡಗಿದೆ. ಹಾಲಿನ ಸಂಘವು ಬೇರೂರಲು ನಾಲ್ಕು ಕಾರಣಗಳುಂಟು.

ಮೊದಲನೆಯದಾಗಿ, ಅಳತೆಯೂ ಪರೀಕ್ಷೆಯೂ ಕೊಡುವವರ ಕಣ್ಣೆದುರಿಗೇ ನಡೆಯುತ್ತವೆ. ಹಾಲಿನ ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳನ್ನು ನೋಡಿ ಬೆಲೆ ಗೊತ್ತಾಗುವುದೇ ಹೊರತು ಕೊಡುವವರ ಮುಖವನ್ನು ನೋಡಿ ಅಲ್ಲ. ಎರಡನೆಯದಾಗಿ, ಹಣವು ಗೊತ್ತಾದ ದಿನಕ್ಕೆ ಬರುತ್ತದೆ. ಮೂರನೆಯದಾಗಿ, ಹಸುವಿಗೆ ಬೇಕಾದ ಹಿಂಡಿ, ಕೃತಕ ಗರ್ಭಧಾರಣೆ, ಚಿಕಿತ್ಸೆ ಮುಂತಾದ ಅನುಕೂಲಗಳು ಅದೇ ಏರ್ಪಾಡಿನ ಮೂಲಕ ದೊರೆಯುವುದರಿಂದ ಮಾರುವುದಕ್ಕೆ ಮಾತ್ರವಲ್ಲದೆ ಸಾಕುವುದಕ್ಕೂ ಸಂಘವು ಬೇಕಾಗುತ್ತದೆ. ನಾಲ್ಕನೆಯದಾಗಿ, ಸಂಘದ ವ್ಯವಹಾರವು ದಿನಕ್ಕೆ ಎರಡು ಸಲ ನಡೆಯುತ್ತದೆ. ನಂಬಿಕೆಯೂ ದಿನಕ್ಕೆ ಎರಡು ಸಲ ಪರೀಕ್ಷೆಗೆ ಒಳಗಾಗಿ ಗಟ್ಟಿಯಾಗುತ್ತದೆ.

ಕಾಳಿನ ಸಂಘಕ್ಕೆ ಈ ನಾಲ್ಕನೆಯ ಅನುಕೂಲವಿಲ್ಲ. ಜೋಳವಾಗಲಿ ರಾಗಿಯಾಗಲಿ ವರ್ಷಕ್ಕೆ ಒಂದು ಸಲ ಬರತಕ್ಕವು. ವರ್ಷಕ್ಕೆ ಒಂದೇ ಸಲ ಭೇಟಿಯಾಗುವವರಲ್ಲಿ ನಂಬಿಕೆ ಬೆಳೆಯುವುದು ನಿಧಾನ. ಆದುದರಿಂದ ಕಾಳಿನ ಸಂಘದವರು ಮೊದಲನೆಯ ಮೂರು ವಿಷಯಗಳಲ್ಲಿ ಹಾಲಿನ ಸಂಘಕ್ಕಿಂತಲೂ ಹೆಚ್ಚು ಕಟ್ಟುನಿಟ್ಟಾಗಿರತಕ್ಕದ್ದು.

ಈ ಮಾತು ನಮ್ಮ ದೇಶಕ್ಕೆ ಮಾತ್ರ ಸಲ್ಲುವುದಲ್ಲ. ಆಫ್ರಿಕಾ ಖಂಡದ ಘಾನಾ ದೇಶದಲ್ಲಿ ಸಣ್ಣ ಕೋಕೋ ಬೆಳೆಗಾರರು ೧೯೯೩ರಲ್ಲಿ ಕುವಾಪಾ ಕೋಕೋ ಎಂಬ ಸಂಘವನ್ನು ಕಟ್ಟಿದರು. ಅದರಲ್ಲಿ ಆಯಾ ಹಳ್ಳಿಯ ಸದಸ್ಯರೇ ತಮ್ಮೊಳಗಿಂದ ಆರಿಸಿದ ಬರಹಗಾರನು ಕೋಕೋ ಬೀಜವನ್ನು ತೂಗಿ ಲೆಕ್ಕ ಬರೆಯತಕ್ಕ ಏರ್ಪಾಡಾಯಿತು. ತಕ್ಕಡಿಯು ತಮ್ಮವರ ಕೈಯಲ್ಲಿರಬೇಕೆಂಬ ಆಸೆ ಕೋಕೋ ಬೆಳೆಯುವವನಿಗೂ ಜೋಳ ಬೆಳೆಯುವವನಿಗೂ ಒಂದೇ.

೫. ಸಂಘದ ರೂಪ

ಈಗ ನಮ್ಮ ರಾಜ್ಯದಲ್ಲಿ ರೈತರು ಮುಖ್ಯವಾಗಿ ಮೂರು ಬಗೆಯಲ್ಲಿ ಕೂಡಿಕೊಳ್ಳಬಹುದು. ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮಕ್ಕೆ ಒಳಪಟ್ಟ ಸಂಘ. ೧೯೯೭ರ ಸೌಹಾರ್ದ ಸಹಕಾರಿ ಅಧಿನಿಯಮಕ್ಕೆ ಒಳಪಟ್ಟ ಸಹಕಾರಿ. ಮತ್ತು ೨೦೦೨ರಲ್ಲಿ ಕಂಪನಿ ಕಾನೂನಿಗೆ ಮಾಡಿದ ತಿದ್ದುಪಡಿಯಿಂದ ಅವಕಾಶವಾದ ಉತ್ಪಾದಕರ ಕಂಪನಿ. ಈ ಮೂರನೆಯದನ್ನು ಹತ್ತು ಮಂದಿ ಉತ್ಪಾದಕರು ಸೇರಿ ಆರಂಭಿಸಬಹುದು. ಅದರ ನಿರ್ದೇಶಕರು ಐವರಿಗೆ ಕಡಿಮೆಯಿಲ್ಲದೆ ಹದಿನೈದಕ್ಕೆ ಮೀರದೆ ಇರಬೇಕು. ಪೂರ್ಣಕಾಲದ ಮುಖ್ಯ ಕಾರ್ಯನಿರ್ವಾಹಕನೊಬ್ಬನು ಇರತಕ್ಕದ್ದು; ಅವನು ಸದಸ್ಯರಲ್ಲಿ ಒಬ್ಬನಾಗಿರಕೂಡದು.

ಇಲ್ಲಿ ಲಕ್ಷ್ಯದಲ್ಲಿಡತಕ್ಕ ವಿಷಯಗಳೆರಡು. ವ್ಯಕ್ತಿಗಳೇ ಸದಸ್ಯರಾಗಿರುವ ಉತ್ಪಾದಕರ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಹತ್ತು ಷೇರಿನ ದೊಡ್ಡ ರೈತನೂ ಒಂದು ಷೇರಿನ ವಿಧವೆಯೂ ಮತದಲ್ಲಿ ಸಮಾನರು. ಇನ್ನೊಂದು, ಉತ್ಪಾದಕನೆಂದರೆ ಪಹಣಿಯಲ್ಲಿ ಹೆಸರುಳ್ಳವನೆಂದು ಕಾನೂನು ಹೇಳುವುದಿಲ್ಲ. ಬೆಳೆಯುವ ಕೆಲಸದಲ್ಲಿ ತೊಡಗಿದವರೆಂದು ಹೇಳುತ್ತದೆ. ಆದುದರಿಂದ ಗಂಡನ ಹೆಸರಿನ ಭೂಮಿಯಲ್ಲಿ ಬೆವರು ಸುರಿಸುವ ಹೆಂಗಸು ಕೂಡ ತನ್ನ ಹೆಸರಿನಲ್ಲಿಯೇ ಸದಸ್ಯಳಾಗಲು ಅಡ್ಡಿಯಿಲ್ಲ. ಮಗನು ಕಾರ್ಖಾನೆಗೆ ಹೋದ ಮನೆಯಲ್ಲಿ ಹೊಲವನ್ನು ನಡೆಸುವವಳು ತಾಯಿಯಾಗಿದ್ದರೆ, ಸಭೆಯಲ್ಲಿ ಕೂರತಕ್ಕವಳೂ ಆಕೆಯೇ.

ರೂಪವು ಯಾವುದಾದರೂ ಆಗಬಹುದು. ಲೆಕ್ಕವು ಕಾಣದ ಸಂಘವನ್ನು ಯಾವ ಕಾನೂನೂ ಉಳಿಸಲಾರದು. ಲೆಕ್ಕವು ಕಾಣುವ ಸಂಘವು ಯಾವ ರೂಪದಲ್ಲಿಯೂ ನಿಲ್ಲಬಲ್ಲದು.

೬. ಸರ್ಕಾರದ ಸಹಾಯವೂ ಅದರ ಮಿತಿಯೂ

೨೦೨೦ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಹತ್ತು ಸಾವಿರ ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಬಯಲುಸೀಮೆಯಲ್ಲಿ ಕನಿಷ್ಠ ೩೦೦ ಸದಸ್ಯರುಳ್ಳ ಸಂಸ್ಥೆಗೆ ಆಡಳಿತದ ವೆಚ್ಚಕ್ಕಾಗಿ ಮೂರು ವರ್ಷಗಳಲ್ಲಿ ೧೮ ಲಕ್ಷ ರೂಪಾಯಿವರೆಗೆ ಸಹಾಯವನ್ನೂ, ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ ಸದಸ್ಯನೊಬ್ಬನಿಗೆ ೨,೦೦೦ ರೂಪಾಯಿಗೂ ಸಂಸ್ಥೆಗೆ ೧೫ ಲಕ್ಷ ರೂಪಾಯಿಗೂ ಮೀರದಂತೆ ಸಹಾಯವನ್ನೂ ಅದರಲ್ಲಿ ಗೊತ್ತುಮಾಡಲಾಯಿತು. ೨೦೨೫ರ ಫೆಬ್ರವರಿಯಲ್ಲಿ ಹತ್ತು ಸಾವಿರದ ಎಣಿಕೆಯು ತುಂಬಿತು. ಎಣಿಕೆಯು ತುಂಬಿದುದು ಸಂತೋಷವೇ. ಬಲವು ತುಂಬುವುದು ಮಾತ್ರ ಆಯಾ ಊರಿನ ಕೆಲಸ.

ಸಸಿಯನ್ನು ನೆಟ್ಟವನು ಮುಳ್ಳಿನ ಬೇಲಿಯನ್ನು ಹಾಕಿ ಬೇಸಿಗೆಯಲ್ಲಿ ನೀರೆರೆಯುವುದುಂಟು. ಬೇಲಿಯು ಬೇರಿಗೆ ಬದಲಾಗದು. ಮೂರು ವರ್ಷಗಳ ಸಹಾಯವು ಇಂತಹ ಬೇಲಿ. ಆ ಅವಧಿಯಲ್ಲಿ ಸಂಘವು ತನ್ನ ಖರ್ಚನ್ನು ತಾನೇ ಸಂಪಾದಿಸಲು ಕಲಿಯದಿದ್ದರೆ ಬೇಲಿಯೊಡನೆ ಸಸಿಯೂ ಹೋಗುವುದು.

ಇದಕ್ಕೂ ಒಂದು ಲೆಕ್ಕವನ್ನು ನೋಡೋಣ. ಹಿಂದೆ ಹೇಳಿದ ೪,೮೦೦ ರೂಪಾಯಿ ನಷ್ಟವನ್ನು ಸಂಘವು ಪೂರ್ತಿಯಾಗಿ ತಪ್ಪಿಸಲಾರದು, ಅರ್ಧವನ್ನು ತಪ್ಪಿಸಿತೆನ್ನೋಣ. ಮುನ್ನೂರು ಮನೆಗಳೂ ಸಂಘಕ್ಕೆ ಫಸಲು ತಂದರೆ ಉಳಿತಾಯವು ೭,೨೦,೦೦೦ ರೂಪಾಯಿ. ಕಾರ್ಯದರ್ಶಿಗೆ ತಿಂಗಳಿಗೆ ೨೦,೦೦೦ದಂತೆ ವರ್ಷಕ್ಕೆ ೨,೪೦,೦೦೦ ಕೊಟ್ಟರೂ ಮಿಕ್ಕುದು ಸದಸ್ಯರಿಗೂ ಸಂಘದ ನಿಧಿಗೂ ಸಾಕಷ್ಟು ಉಳಿಯುವುದು. ಆದರೆ ಐವತ್ತು ಮನೆಗಳು ಮಾತ್ರ ತಂದರೆ ಉಳಿತಾಯವು ೧,೨೦,೦೦೦ ರೂಪಾಯಿ. ಕಾರ್ಯದರ್ಶಿಯ ಸಂಬಳಕ್ಕೇ ಅದರ ಎರಡರಷ್ಟು ಬೇಕು. ಪುಸ್ತಕದಲ್ಲಿ ಮುನ್ನೂರು ಹೆಸರಿದ್ದರೂ ಆ ಸಂಘವು ಐವತ್ತರ ಸಂಘವೇ. ಸಂಘವನ್ನು ಕೊಲ್ಲುವುದು ಹೆಚ್ಚಾಗಿ ಕಳ್ಳತನವಲ್ಲ, ಸದಸ್ಯರ ಗೈರುಹಾಜರಿ. ಆ ಗೈರುಹಾಜರಿಗೆ ಕಾರಣವಾದರೋ, ಲೆಕ್ಕ ಕಾಣದಿರುವುದು.

೭. ಆಚರಣೆಗೆ ತರತಕ್ಕ ಕ್ರಮಗಳು

(ಅ) ತೂಕ ಮತ್ತು ತೇವ. ಸಂಘದ ಮೊದಲನೆಯ ಹಣವನ್ನು ಕುರ್ಚಿ ಮೇಜುಗಳಿಗೆ ಖರ್ಚುಮಾಡದೆ, ಮುದ್ರೆಯಾದ ವಿದ್ಯುನ್ಮಾನ ತಕ್ಕಡಿಗೂ ತೇವಾಂಶಮಾಪಕಕ್ಕೂ ಒಣಗಿಸುವ ಟಾರ್ಪಾಲುಗಳಿಗೂ ಉಪಯೋಗಿಸತಕ್ಕದ್ದು. ಮುಸುಕಿನ ಜೋಳದ ತೇವವು ನೂರಕ್ಕೆ ೧೪ಕ್ಕೆ ಇಳಿಯುವಂತೆ ಒಣಗಿಸಿದರೆ ಕೊಳ್ಳುವವನು ಮುರಿಯಲು ನೆಪವಿರುವುದಿಲ್ಲ. ಕಾಳಿಗೆ ಬೂಷ್ಟು ಹಿಡಿಯುವ ಭಯವೂ ಕಡಿಮೆ. ಅಂಕೆಯು ರೈತನಿಗೆ ಕಾಣುವಂತೆ ತಕ್ಕಡಿಯನ್ನು ಅವನ ಕಡೆಗೆ ತಿರುಗಿಸಿ ಇಡಬೇಕು.

(ಆ) ಚೀಟಿ. ತೂಕ, ತೇವ, ಧಾರಣೆ, ಕಡಿತ, ಕೊಡತಕ್ಕ ಹಣ, ಕೊಡುವ ದಿನ, ಈ ಆರು ಬಾಬುಗಳನ್ನು ಬರೆದ ಚೀಟಿಯನ್ನು ಆಗಲೇ ರೈತನ ಕೈಗೆ ಕೊಡತಕ್ಕದ್ದು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಈ ಸೀಮೆಯಲ್ಲಿ ತೆಲುಗು ಮನೆಮಾತಿನವರೂ ಬಹಳವಾಗಿರುವುದರಿಂದ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಯುಕ್ತ.

(ಇ) ಹಣ ಪಾವತಿ. ಹೆಚ್ಚಿನ ಧಾರಣೆಯನ್ನು ಎರಡು ತಿಂಗಳ ಮೇಲೆ ಕೊಡುವುದಕ್ಕಿಂತ ನ್ಯಾಯವಾದ ಧಾರಣೆಯನ್ನು ಹೇಳಿದ ದಿನಕ್ಕೆ ಕೊಡುವುದು ಮೇಲು. ಪೂರ್ತಿ ಹಣವಿಲ್ಲದ ಪಕ್ಷದಲ್ಲಿ ಒಂದು ಭಾಗವನ್ನು ಆಗಲೇ ಕೊಟ್ಟು, ಮಿಕ್ಕುದನ್ನು ಮಾರಾಟವಾದ ಮೇಲೆ ಕೊಡುವುದಾಗಿ ಚೀಟಿಯಲ್ಲಿ ಬರೆಯಬೇಕು. ಒಂದು ಸಲ ಮಾತು ತಪ್ಪಿದರೆ ಅದನ್ನು ಸರಿಪಡಿಸಲು ಅನೇಕ ಹಂಗಾಮುಗಳು ಬೇಕಾಗುತ್ತವೆ.

(ಈ) ಷೇರು ಹಣ. ಒಬ್ಬರ ಷೇರನ್ನು ಮತ್ತೊಬ್ಬರು ತುಂಬಲು ಎಡೆಗೊಡಬಾರದು. ಬಡವರಿಗೆ ಕಂತಿನ ಅನುಕೂಲವನ್ನು ಮಾಡಬಹುದು. ತಿಂಗಳಿಗೆ ನೂರು ರೂಪಾಯಿಯಾದರೂ ತಾನೇ ಕಟ್ಟಿದವನು ಲೆಕ್ಕವನ್ನು ಕೇಳಲು ಸಭೆಗೆ ಬರುವನು. ಬೇರೆಯವರು ಕಟ್ಟಿದ ಷೇರಿನವನು ಬಾಯಿ ತೆರೆಯಲಾರನು; ಅವನ ಬಾಯಿಯೂ ಷೇರಿನೊಡನೆ ಮಾರಾಟವಾದಂತೆಯೇ ಸರಿ.

(ಉ) ಕಾರ್ಯದರ್ಶಿ. ಸಂಬಳವಿಲ್ಲದ ಕಾರ್ಯದರ್ಶಿಯು ಅಗ್ಗವೆಂದು ತೋರುವನು. ಕೊನೆಗೆ ಅವನೇ ದುಬಾರಿಯಾಗುವುದುಂಟು. ಲೆಕ್ಕ ಬಲ್ಲ, ಊರಿನಲ್ಲಿ ನಿಲ್ಲತಕ್ಕ ಯುವಕನನ್ನಾಗಲಿ ಯುವತಿಯನ್ನಾಗಲಿ ಆರಿಸಿ, ಯೋಗ್ಯ ಸಂಬಳವನ್ನು ಕೊಟ್ಟು, ಕೆಲಸವನ್ನು ಕೇಳಬೇಕು. ತಿಂಗಳ ಜಮಾಖರ್ಚನ್ನು ದೊಡ್ಡ ಅಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸುವುದು ಉತ್ತಮ. ಅಲ್ಲಿಗೆ ದಿನಕ್ಕೆ ಎರಡು ಸಲ ಜನರು ಬರುವರು.

(ಊ) ವರ್ಷವಿಡೀ ವ್ಯವಹಾರ. ಸಂಘವು ಫಸಲಿನ ಕಾಲಕ್ಕೆ ಮಾತ್ರ ಬಾಗಿಲು ತೆರೆದರೆ ನಂಬಿಕೆ ಬೆಳೆಯದು. ಮುಂಗಾರಿಗೆ ಮುಂಚೆ ಬೀಜಗೊಬ್ಬರಗಳನ್ನು ಒಟ್ಟಾಗಿ ತರಿಸುವುದು, ಪಶುಗಳಿಗೆ ಮೇವಿನ ಬೀಜವನ್ನು ಒದಗಿಸುವುದು, ಒಕ್ಕುವ ಯಂತ್ರವನ್ನು ಬಾಡಿಗೆಗೆ ಕೊಡುವುದು, ಇವುಗಳಿಂದ ವರ್ಷದಲ್ಲಿ ನಾಲ್ಕಾರು ಸಲವಾದರೂ ಸದಸ್ಯರು ಸಂಘದ ಮೆಟ್ಟಿಲನ್ನು ಹತ್ತುವಂತಾಗಬೇಕು.

೮. ಕೆಲವು ಆಕ್ಷೇಪಣೆಗಳಿಗೆ ಸಮಾಧಾನ

“ದಲ್ಲಾಳಿಯು ನಡುರಾತ್ರಿಯಲ್ಲಿಯೂ ಸಾಲ ಕೊಡುವನು. ಸಂಘವು ಕೊಡುವುದೇ?” ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಕೂಡದು. ಆಸ್ಪತ್ರೆಗೋ ಮದುವೆಗೋ ತಟಕ್ಕನೆ ಹಣ ಬೇಕಾದಾಗ ಕೈಹಿಡಿದವನನ್ನು ರೈತನು ಮರೆಯುವುದಿಲ್ಲ. ಮರೆಯಬೇಕೆಂದು ಹೇಳುವುದೂ ನ್ಯಾಯವಲ್ಲ. ಆದರೆ ಬೆಳೆಯ ಸಾಲವು ಬೇರೆ, ಆಪತ್ತಿನ ಸಾಲವು ಬೇರೆ. ಬೆಳೆಯ ಸಾಲಕ್ಕೆ ಕೃಷಿ ಪತ್ತಿನ ಸಹಕಾರ ಸಂಘಗಳಿವೆ. ಅವುಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು ಕರ್ನಾಟಕ ಸರ್ಕಾರವು ೨೦೨೩-೨೪ರಲ್ಲಿ ೩ ಲಕ್ಷದಿಂದ ೫ ಲಕ್ಷ ರೂಪಾಯಿಗೆ ಏರಿಸಿತು. ಗೊತ್ತಾದ ದಿನಕ್ಕೆ ತೀರಿಸಿದವರಿಗೇ ಈ ಅನುಕೂಲವೆಂಬುದನ್ನು ಮರೆಯಬಾರದು. ಬೀಜಗೊಬ್ಬರದ ಸಾಲವು ಇಲ್ಲಿಂದ ದೊರೆತರೆ ಫಸಲು ಯಾರ ಕಣಕ್ಕೆ ಹೋಗಬೇಕೆಂಬುದನ್ನು ರೈತನೇ ತೀರ್ಮಾನಿಸಬಹುದು. ಆಪತ್ತಿಗಾಗಿ ಹತ್ತಿಪ್ಪತ್ತು ಮನೆಗಳವರು ವಾರವಾರ ಉಳಿಸಿ ಒಂದು ಸಣ್ಣ ನಿಧಿಯನ್ನು ಇಟ್ಟುಕೊಳ್ಳುವುದು ಸ್ತ್ರೀಶಕ್ತಿ ಗುಂಪಿನ ತಾಯಂದಿರಿಗೆ ತಿಳಿದ ವಿಷಯವೇ.

“ನಮ್ಮ ಊರಿನಲ್ಲಿ ಎರಡು ಪಕ್ಷ, ಒಬ್ಬರಿಗೊಬ್ಬರಿಗೆ ಆಗದು” ಎನ್ನುವವರುಂಟು. ಆದರೆ ಆ ಎರಡು ಪಕ್ಷದವರ ಹಾಲೂ ಡೈರಿಯ ಒಂದೇ ಕ್ಯಾನಿಗೆ ಬೀಳುತ್ತಿಲ್ಲವೇ? ಒಗ್ಗಟ್ಟು ಆದ ಮೇಲೆ ಸಂಘವೆಂದು ಕಾಯುತ್ತ ಕುಳಿತರೆ ಎರಡೂ ಆಗವು. ತಕ್ಕಡಿಯು ಸರಿಯಾಗಿದ್ದರೆ ಜಗಳವಾಡುವವರೂ ಅದರ ಮುಂದೆ ಸಾಲಾಗಿ ನಿಲ್ಲುವರು.

“ಮುನ್ನೂರು ಮಂದಿಯಿಂದಲೇ ಆರಂಭಿಸಬೇಕೇ?” ಎಂಬುದು ಮತ್ತೊಂದು ಪ್ರಶ್ನೆ. ಆ ಸಂಖ್ಯೆಯು ಸಹಾಯಧನದ ಯೋಜನೆಗೆ ಗೊತ್ತುಮಾಡಿದುದೇ ಹೊರತು ಕೂಡಿ ಮಾರುವುದಕ್ಕಲ್ಲ. ಹತ್ತೊಂಬತ್ತು ಮಂದಿಯಿಂದಲೂ ಆರಂಭಿಸಬಹುದು. ಈ ಲೇಖಕನು ಹೇಳಿದ ಊರಿನಲ್ಲಿ ಬೀಗ ಬಿದ್ದ ಮೇಲೆ ನಡೆದುದು ಅದೇ. ಅಂದು ಜೋಳವನ್ನು ತಂದ ಹತ್ತೊಂಬತ್ತು ಮನೆಗಳವರು ತಾವೇ ಹಣ ಹಾಕಿ ಒಂದು ತಕ್ಕಡಿಯನ್ನೂ ಒಂದು ತೇವಾಂಶಮಾಪಕವನ್ನೂ ಕೊಂಡರು. ಜೋಳವನ್ನು ಒಟ್ಟಿಗೆ ಒಣಗಿಸಿ, ಒಂದೇ ಲಾರಿಯಲ್ಲಿ ತುಂಬಿಸಿ, ಇಬ್ಬರು ಜೊತೆಯಲ್ಲಿ ಹೋಗಿ ಮಾರಿ ಬಂದು, ಅದೇ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಎಲ್ಲರೆದುರಿಗೆ ಲೆಕ್ಕವನ್ನು ಓದಿದರು. ಮರುವರ್ಷ ಕೇಳದೆಯೇ ಇನ್ನಷ್ಟು ಮಂದಿ ಬಂದರು. ಅವರಲ್ಲಿ ಆ ವೃದ್ಧೆಯೂ ಒಬ್ಬಳು. ಆಕೆಯ ಜೋಳವು ಆರು ಮೂಟೆ ಮಾತ್ರ. ತೂಕವಾದ ಮೇ​ಲೆ ಆಕೆಯು ಚೀಟಿಗಾಗಿ ಕೈನೀಡಿ ನಿಂತಳು. ಮೊಮ್ಮಗಳು ಅದನ್ನು ಎರಡು ಸಲ ಓದಿದಳು.

೯. ಸಾರಾಂಶ

ಸಣ್ಣ ರೈತನ ಕಷ್ಟವು ಹೊಲದಲ್ಲಿ ಮುಗಿಯುವುದಿಲ್ಲ. ತಕ್ಕಡಿಯ ಮುಂದೆ ಎರಡನೆಯ ಸಲ ಆರಂಭವಾಗುತ್ತದೆ. ಅಲ್ಲಿ ಅವನಿಗೆ ಜೊತೆಯಾಗತಕ್ಕದ್ದು ಸಂಘ. ಸಂಘಕ್ಕೆ ಬಲವನ್ನು ಕೊಡುವುದು ಸದಸ್ಯರ ಸಂಖ್ಯೆಯಲ್ಲ, ಅವರು ತರುವ ಫಸಲು. ಫಸಲನ್ನು ತರಿಸುವುದು ಉಪದೇಶವಲ್ಲ, ಕಣ್ಣಿಗೆ ಕಾಣುವ ಲೆಕ್ಕ. ಸರ್ಕಾರದ ಹಣವು ಆರಂಭಕ್ಕೆ ಉಪಯುಕ್ತ. ನಿಲುವಿಗೆ ಸದಸ್ಯರ ಸ್ವಂತ ಷೇರು ಮತ್ತು ಸಂಘದ ಸ್ವಂತ ಸಂಪಾದನೆಯೇ ಆಧಾರ.

ಈ ವಿಷಯದಲ್ಲಿ ಹೆಚ್ಚಿನ ತಿಳಿವಳಿಕೆಯನ್ನು ಅಪೇಕ್ಷಿಸುವವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬರುವಾಗ ಹೆಸರುಗಳ ಪಟ್ಟಿಯನ್ನು ತರಬೇಕಾದುದಿಲ್ಲ. ಕಳೆದ ಹಂಗಾಮಿನಲ್ಲಿ ತಾವು ಮಾರಿದ ಫಸಲಿನ ತೂಕವೆಷ್ಟು, ಕಡಿತವೆಷ್ಟು, ಕೈಗೆ ಬಂದ ಹಣವೆಷ್ಟು, ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತಂದರೆ ಸಾಕು. ಅಂತಹ ಹತ್ತು ಚೀಟಿಗಳನ್ನು ಒಂದೆಡೆ ಇಟ್ಟು ನೋಡಿದ ದಿನವೇ ಸಂಘದ ಕೆಲಸವು ಆರಂಭವಾದಂತೆ ಎಣಿಸಬಹುದು.